ವಾರದ ದಿನಗಳ ರಾತ್ರಿ ಅಡುಗೆ: ದಿನವೂ ಹೊಸದಾಗಿ, ಒಂದೇ ಕುಕ್ಕರಿನಲ್ಲಿ, ಇಲ್ಲವೇ ಭಾನುವಾರವೇ ಅರ್ಧ ಮುಗಿಸಿ?

ರಾತ್ರಿಗೆ ಏನು ಮಾಡೋದು ಎಂದು ಕೇಳುವವರಿಗೆ ಅಡುಗೆಗಳ ಹೆಸರು ಸಾಲಾಗಿ ಹೇಳಿದರೆ ಪ್ರಯೋಜನ ಕಡಿಮೆ. ಸಾರು, ಹುಳಿ, ಉಪ್ಪಿಟ್ಟು, ಚಪಾತಿ ಎಲ್ಲರಿಗೂ ಗೊತ್ತಿರುವವೇ. ತೊಡಕು ಬರುವುದು ಆ ಕೆಲಸ ಯಾವ ಹೊತ್ತಿಗೆ, ಯಾರ ಮೇಲೆ ಬೀಳುತ್ತದೆ ಎನ್ನುವಲ್ಲಿ. ಒಂದು ಹುಳಿಗೆ ಬೇಳೆ ಬೇಯಬೇಕು, ತರಕಾರಿ ಹೆಚ್ಚಬೇಕು, ತೆಂಗಿನಕಾಯಿ ತುರಿಯಬೇಕು, ರುಬ್ಬಬೇಕು, ಕುದಿಸಬೇಕು, ಒಗ್ಗರಣೆ ಹಾಕಬೇಕು. ಇವಿಷ್ಟನ್ನೂ ಸಂಜೆ ಏಳೂವರೆಗೆ ಶುರು ಮಾಡುವ ಮನೆಗೂ, ಅರ್ಧವನ್ನು ಮೊದಲೇ ಮುಗಿಸಿಟ್ಟ ಮನೆಗೂ ಅಡುಗೆ ಒಂದೇ ಆದರೂ ದಣಿವು ಒಂದೇ ಅಲ್ಲ.

ಹಾಗಾಗಿ ಇಲ್ಲಿ ಹೋಲಿಸುತ್ತಿರುವುದು ಕೆಲಸ ಹಂಚಿಕೊಳ್ಳುವ ಕ್ರಮಗಳನ್ನು. ಅದಕ್ಕೂ ಮುಂಚೆ ನಿಮ್ಮ ಮನೆಯ ಮಟ್ಟಿಗೆ ಕೆಲವು ಪ್ರಶ್ನೆಗಳಿಗೆ ಉತ್ತರ ಬೇಕು.

ಮೊದಲನೆಯದು, ಒಲೆಯ ಮುಂದೆ ನಿಲ್ಲುವ ಹೊತ್ತು. ಕುಕ್ಕರ್ ಇಪ್ಪತ್ತೈದು ನಿಮಿಷ ಒಲೆಯ ಮೇಲಿದ್ದರೂ ನೀವು ಅಲ್ಲಿರಬೇಕಾದ್ದು ಐದೇ ನಿಮಿಷ. ಅಕ್ಕಿ ರೊಟ್ಟಿ ಹಾಗಲ್ಲ, ನಾಲ್ಕು ಜನಕ್ಕೆ ಎಂಟು ರೊಟ್ಟಿ ಎಂದರೆ ಮುಕ್ಕಾಲು ಗಂಟೆ ಅಲುಗಾಡುವಂತಿಲ್ಲ. ಮಕ್ಕಳಿಗೆ ಹೋಂವರ್ಕ್ ಮಾಡಿಸಬೇಕಾದ ಮನೆಯಲ್ಲಿ ಈ ವ್ಯತ್ಯಾಸ ಒಟ್ಟು ಸಮಯಕ್ಕಿಂತ ದೊಡ್ಡದು. ಎರಡನೆಯದು, ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತಾರೋ, ಒಬ್ಬರು ಎಂಟಕ್ಕೆ ಇನ್ನೊಬ್ಬರು ಹತ್ತಕ್ಕೆ ಬರುತ್ತಾರೋ. ಮೂರನೆಯದು, ಫ್ರಿಜ್ಜಿನಲ್ಲಿ ಜಾಗ ಇದೆಯೋ, ಕರೆಂಟು ನೆಚ್ಚಿಕೊಳ್ಳುವಂತಿದೆಯೋ. ಆಮೇಲೆ ಪಾತ್ರೆ. ತೊಳೆಯುವ ಕೈ ಯಾರದು ಎಂಬುದನ್ನು ಲೆಕ್ಕಕ್ಕೆ ಹಿಡಿಯದೆ ಅಡುಗೆ ಸುಲಭವೆಂದು ಹೇಳುವುದು ಸರಿಯಲ್ಲ. ಖರ್ಚಿನ ಮಟ್ಟಿಗೆ ಮನೆಯಲ್ಲೇ ಮಾಡುವ ಕ್ರಮಗಳ ನಡುವೆ ಅಂತರ ತೀರ ಸಣ್ಣದು. ಅದು ಹಿಗ್ಗುವುದು ರೆಡಿ ಪ್ಯಾಕೆಟ್ಟಿಗೆ ಹೋದಾಗ, ಮತ್ತೆ ಮಾಡಿಟ್ಟದ್ದು ಕೆಟ್ಟು ಚೆಲ್ಲಿದಾಗ.

ದಿನವೂ ಹೊಸದಾಗಿ: ಅನ್ನ, ಸಾರು, ಒಂದು ಪಲ್ಯ

ರುಚಿಯಲ್ಲಿ ಇದನ್ನು ಮೀರಿಸುವುದಿಲ್ಲ. ಆದರೆ ಇದು ಕೈಗೂಡುವುದು ಸಂಜೆ ನಲವತ್ತೈದು ನಿಮಿಷ ಬಿಡುವಿರುವವರಿಗೆ, ಅಥವಾ ಅಡುಗೆಮನೆಯಲ್ಲಿ ಇಬ್ಬರು ಕೈಜೋಡಿಸುವ ಮನೆಗೆ.

ನಾಲ್ಕು ಜನಕ್ಕೆ ಮುಕ್ಕಾಲು ಲೋಟ ತೊಗರಿಬೇಳೆ, ಅದಕ್ಕೆ ಮೂರು ಪಟ್ಟು ನೀರು, ಚಿಟಿಕೆ ಅರಿಶಿನ, ಅರ್ಧ ಚಮಚ ಎಣ್ಣೆ. ಎಣ್ಣೆ ಹಾಕುವುದು ನೊರೆ ಉಕ್ಕಿ ವೆಯಿಟ್‌ನಿಂದ ಚಿಮ್ಮದಿರಲಿ ಎಂದು. ಕುಕ್ಕರಿನ ಕೆಳಗಿನ ಡಬ್ಬಿಗೆ ಬೇಳೆ, ಮೇಲಿನದಕ್ಕೆ ಅಕ್ಕಿ. ಒಂದು ಲೋಟ ಸೋನಾ ಮಸೂರಿಗೆ ಎರಡು ಲೋಟ ನೀರು, ಹಳೆ ಅಕ್ಕಿಯಾದರೆ ಎರಡೂವರೆ. ಸೀಟಿ ಎಣಿಸುವುದಕ್ಕಿಂತ ನಿಮಿಷ ನೋಡುವುದು ಒಳ್ಳೆಯದು, ಏಕೆಂದರೆ ಒಂದು ಕುಕ್ಕರಿನ ನಾಲ್ಕು ಸೀಟಿ ಇನ್ನೊಂದರ ಎರಡಕ್ಕೆ ಸಮ ಇರಬಹುದು. ಮೊದಲ ಸೀಟಿ ಬಂದ ಮೇಲೆ ಉರಿ ತಗ್ಗಿಸಿ ಹತ್ತು ನಿಮಿಷ ಬಿಡಿ, ಆರಿಸಿ, ಒತ್ತಡ ತಾನಾಗಿ ಇಳಿಯಲಿ. ಒತ್ತಡದಲ್ಲಿ ಒಳಗಿನ ಶಾಖ ಸುಮಾರು 120 ಡಿಗ್ರಿಗೆ ಏರುತ್ತದೆ. ಒಲೆ ಆರಿದ ಮೇಲೂ ಬೇಯುವುದು ನಡೆದೇ ಇರುತ್ತದೆ, ಹಾಗಾಗಿ ವೆಯಿಟ್ ಎತ್ತಿ ಹಬೆ ಬಿಟ್ಟುಬಿಟ್ಟರೆ ಬೇಳೆ ಕಾಳುಕಾಳಾಗಿ ಉಳಿಯುತ್ತದೆ.

ಬೇಳೆ ಬೇಯುವುದೇ ಇಲ್ಲ ಎನ್ನುವ ದೂರಿಗೆ ಸಾಮಾನ್ಯವಾಗಿ ಮೂರು ಕಾರಣ: ಹಳೆಯ ಬೇಳೆ, ಬೋರ್‌ವೆಲ್ಲಿನ ಗಡಸು ನೀರು, ಮೊದಲೇ ಬಿದ್ದ ಹುಳಿ. ಗಡಸು ನೀರಿನ ಕ್ಯಾಲ್ಸಿಯಮ್ಮೂ ಹುಣಸೆ, ಟೊಮೆಟೊಗಳ ಆಮ್ಲವೂ ಕಾಳಿನ ಗೋಡೆ ಮೆತ್ತಗಾಗಲು ಬಿಡುವುದಿಲ್ಲ. ಬೇಯಿಸಲು ಶುದ್ಧೀಕರಿಸಿದ ನೀರು ಹಾಕಿ, ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿ, ಹುಣಸೆರಸವನ್ನು ಬೇಳೆ ಮೆತ್ತಗಾದ ಮೇಲಷ್ಟೇ ಸೇರಿಸಿ. ನೆನೆಸುವ ಹೊತ್ತಿಲ್ಲದ ದಿನ ತೊಗರಿ ಬಿಟ್ಟು ಹೆಸರುಬೇಳೆ ತೆಗೆದುಕೊಳ್ಳಿ. ತೆರೆದ ಪಾತ್ರೆಯಲ್ಲೇ ಇಪ್ಪತ್ತು ನಿಮಿಷಕ್ಕೆ ಬೇಯುತ್ತದೆ.

ಈ ಕ್ರಮದಲ್ಲೇ ಪಾತ್ರೆ, ಹೊತ್ತು ಎರಡೂ ಉಳಿಸುವ ಅಡುಗೆ ಬಸ್ಸಾರು. ಹಳೆಯ ಮೈಸೂರು ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಉಳಿದವರು ಒಮ್ಮೆ ಕಲಿತರೆ ಬಿಡುವುದಿಲ್ಲ. ಒಂದು ಲೋಟ ತೊಗರಿಬೇಳೆಯನ್ನು ಆರು ಲೋಟ ನೀರಿನಲ್ಲಿ ತೆರೆದ ಪಾತ್ರೆಯಲ್ಲಿ ಬೇಯಿಸಿ. ಬೆರಳಲ್ಲಿ ಒತ್ತಿದರೆ ನಜ್ಜಾಗಬೇಕು, ಆದರೆ ಬೇಳೆ ಬೇಳೆಯಾಗಿಯೇ ಕಾಣಬೇಕು. ಆಗ ಎರಡು ಕಟ್ಟು ದಂಟಿನ ಸೊಪ್ಪನ್ನೋ ಹೆಚ್ಚಿದ ಹುರುಳಿಕಾಯಿಯನ್ನೋ ಉಪ್ಪಿನ ಜೊತೆ ಹಾಕಿ. ಸೊಪ್ಪಿಗೆ ಐದಾರು ನಿಮಿಷ, ಕಾಯಿಗೆ ಹತ್ತು. ಬಸಿಯಿರಿ. ಬಸಿದ ನೀರಿಗೆ ಬಾಡಿಸಿದ ಈರುಳ್ಳಿ, ಬೆಳ್ಳುಳ್ಳಿ, ಒಂದು ಹಿಡಿ ತೆಂಗಿನತುರಿ, ಎರಡು ಚಮಚ ಸಾರಿನ ಪುಡಿ, ಗೋಲಿಯಷ್ಟು ಹುಣಸೆ, ಒಂದು ಹಿಡಿ ಬೆಂದ ಬೇಳೆ ರುಬ್ಬಿ ಸೇರಿಸಿ ಹತ್ತು ನಿಮಿಷ ಕುದಿಸಿದರೆ ಸಾರು. ಬಸಿದು ಉಳಿದದ್ದಕ್ಕೆ ಸಾಸಿವೆ, ಒಣಮೆಣಸು, ಕಾಯಿತುರಿಯ ಒಗ್ಗರಣೆ ಹಾಕಿದರೆ ಪಲ್ಯ. ಒಂದೇ ಬೇಯಿಸುವಿಕೆಯಲ್ಲಿ ಎರಡು ಪದಾರ್ಥ. ಇದು ಹಾಳಾಗುವುದು ಬೇಳೆಯನ್ನು ಕುಕ್ಕರಿಗೆ ಹಾಕಿ ಕರಗಿಸಿಬಿಟ್ಟಾಗ. ಆಗ ಬಸಿಯಲಾಗದು, ಪಲ್ಯ ಮುದ್ದೆಯಾಗುತ್ತದೆ. ಹಾಗಾದ ದಿನ ಪಲ್ಯದ ಆಸೆ ಬಿಟ್ಟು ಎಲ್ಲವನ್ನೂ ಮಸೆದು ಮಸ್ಸೊಪ್ಪು ಮಾಡಿಕೊಳ್ಳಿ.

ಜೊತೆಗೆ ಮುದ್ದೆಯೆಂದರೆ ಹದಿನೈದು ನಿಮಿಷ. ಎರಡು ಲೋಟ ನೀರಿಗೆ ಒಂದು ಲೋಟ ರಾಗಿಹಿಟ್ಟು. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಕುದಿಯುವ ನೀರಿಗೆ ಬಿಡಿ, ಅಂಬಲಿ ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ಗುಡ್ಡೆಯಾಗಿ ಸುರಿದು ಕಲಕದೆ ಮೂರ್ನಾಲ್ಕು ನಿಮಿಷ ಸಣ್ಣ ಉರಿಯಲ್ಲಿ ಬೇಯಲು ಬಿಡಿ, ಆಮೇಲೆ ಕೋಲು ಆಡಿಸಿ. ಗಂಟು ಕಟ್ಟುವುದು ಹಿಟ್ಟು ಬೀಳುತ್ತಲೇ ಕಲಕುವ ಅವಸರದಿಂದ. ನಡುವೆ ಹಸಿಹಿಟ್ಟು ಸಿಕ್ಕಿದರೆ ಅಂಗೈಯಷ್ಟು ಬಿಸಿನೀರು ಚಿಮುಕಿಸಿ, ಮುಚ್ಚಿ, ಎರಡು ನಿಮಿಷ ಹಬೆಯಲ್ಲಿ ಇಡಿ.

ಒಂದೇ ಕುಕ್ಕರಿನ ಊಟ

ಪಾತ್ರೆ ಕಡಿಮೆ, ನಿಲ್ಲುವ ಹೊತ್ತು ಕಡಿಮೆ, ಒಂದು ಒಲೆ ಸಾಕು. ಬಾಡಿಗೆ ಕೋಣೆಯಲ್ಲಿ ಇಂಡಕ್ಷನ್ ಸ್ಟವ್ ಇಟ್ಟುಕೊಂಡವರಿಗೂ, ಸಂಜೆ ಒಬ್ಬರೇ ಎಲ್ಲವನ್ನೂ ನೋಡಿಕೊಳ್ಳುವ ಮನೆಗೂ ಇದೇ ಮೊದಲ ಆಯ್ಕೆ. ಇಂಡಕ್ಷನ್ನಿಗೆ ಸಪಾಟು ತಳದ, ಅಯಸ್ಕಾಂತ ಹಿಡಿಯುವ ಕುಕ್ಕರ್ ಬೇಕು. ಬರಿ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕಾಯುವುದಿಲ್ಲ.

ಇವುಗಳಲ್ಲಿ ಹುಗ್ಗಿ ಕೈಕೊಡುವುದು ಅಪರೂಪ. ಒಂದು ಲೋಟ ಅಕ್ಕಿ, ಮುಕ್ಕಾಲು ಲೋಟ ಹೆಸರುಬೇಳೆ, ಐದು ಲೋಟ ನೀರು, ಜೀರಿಗೆ, ಕುಟ್ಟಿದ ಮೆಣಸು, ಶುಂಠಿ, ಉಪ್ಪು. ಬೇಳೆಯನ್ನು ಎರಡು ನಿಮಿಷ ಹುರಿದರೆ ಘಮ ಬರುತ್ತದೆ, ಅಂಟೂ ಕಡಿಮೆಯಾಗುತ್ತದೆ. ಐದು ಸೀಟಿ ಸಾಕು. ತರಕಾರಿ ಇಲ್ಲದೆ ಇದನ್ನೇ ದಿನವೂ ಉಂಡರೆ ತಟ್ಟೆಯ ತುಂಬ ಅಕ್ಕಿಯೇ ಆಗುತ್ತದೆ. ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ ಅಕ್ಕಿ ಬೇಳೆ ಸಮ ಮಾಡಿ, ಎರಡು ಲೋಟ ಹೆಚ್ಚಿದ ತರಕಾರಿ ಸೇರಿಸುವುದು ಮೇಲು.

ಬಿಸಿಬೇಳೆಬಾತ್ ಒಂದೇ ಕುಕ್ಕರಿನಲ್ಲಿ ಆಗುತ್ತದೆ, ಒಂದೇ ಹಂತದಲ್ಲಿ ಆಗುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ತುಂಬಿ ಸೀಟಿ ಹಾಕಿಸುವ ಪಾಕವಿಧಾನಗಳು ಬೇಕಾದಷ್ಟಿವೆ. ಹುಣಸೆ ಮೊದಲೇ ಬಿದ್ದರೆ ಬೇಳೆ ಗಟ್ಟಿ, ಪುಡಿ ಮೊದಲೇ ಬಿದ್ದರೆ ತಳ ಹತ್ತುತ್ತದೆ. ಒಂದು ಲೋಟ ಅಕ್ಕಿ, ಒಂದು ಲೋಟ ತೊಗರಿಬೇಳೆ, ಹುರುಳಿಕಾಯಿ, ಕ್ಯಾರೆಟ್ಟು, ನವಿಲುಕೋಸು, ಆರು ಲೋಟ ನೀರು ಇಷ್ಟನ್ನೇ ಬೇಯಿಸಿ. ಒತ್ತಡ ಇಳಿದ ಮೇಲೆ ನಿಂಬೆ ಗಾತ್ರದ ಹುಣಸೆಯ ರಸ, ಸಣ್ಣ ತುಂಡು ಬೆಲ್ಲ, ಮೂರು ಚಮಚ ಪುಡಿ, ಒಂದೂವರೆ ಲೋಟ ಬಿಸಿನೀರು ಹಾಕಿ ಎಂಟು ಹತ್ತು ನಿಮಿಷ ಕುದಿಸಿ. ಆರುತ್ತಾ ಗಟ್ಟಿಯಾಗುವ ಅಡುಗೆ ಇದು, ಇಳಿಸುವಾಗ ನೀವಂದುಕೊಂಡದ್ದಕ್ಕಿಂತ ತೆಳ್ಳಗಿರಲಿ. ತಡವಾಗಿ ಬರುವವರಿಗೆ ಬಡಿಸುವಾಗ ಅರ್ಧ ಲೋಟ ಬಿಸಿನೀರಿನಲ್ಲಿ ಸಡಿಲಿಸಿಕೊಳ್ಳಿ.

ಪಲಾವು, ವಾಂಗಿಬಾತು, ಟೊಮೆಟೊ ಬಾತುಗಳಲ್ಲಿ ನೀರಿನ ಲೆಕ್ಕ ತಪ್ಪುವುದೇ ದೊಡ್ಡ ತೊಂದರೆ. ಟೊಮೆಟೊ, ಈರುಳ್ಳಿ ತಾವೇ ನೀರು ಬಿಡುತ್ತವೆ. ಅನ್ನಕ್ಕೆ ಹಾಕುವ ಅಳತೆಗಿಂತ ಕಾಲು ಲೋಟ ಕಡಿಮೆ ಮಾಡಿ, ಎರಡು ಸೀಟಿಗೆ ಆರಿಸಿ.

ಒಂದೇ ಕುಕ್ಕರಿನ ಕ್ರಮಕ್ಕೆ ಒಂದು ನಿಜವಾದ ಕೊರತೆ ಇದೆ: ವಾರಕ್ಕೆ ಮೂರು ದಿನ ದಾಟಿದರೆ ಬಾಯಿ ಬೇಸರಿಸುತ್ತದೆ. ಎಲ್ಲವೂ ಮೆತ್ತಗೆ, ಎಲ್ಲವೂ ಅನ್ನ. ಪಕ್ಕಕ್ಕೆ ಹೆಸರುಬೇಳೆ ಕೋಸಂಬರಿಯೋ ಸೌತೆಕಾಯಿಯೋ ಇರಲಿ. ಕೋಸಂಬರಿಯ ಬೇಳೆಗೆ ಅರ್ಧ ಗಂಟೆ ನೆನೆದರೆ ಸಾಕು, ಕುಕ್ಕರ್ ಇಡುವಾಗ ನೆನೆಹಾಕಿದರೆ ಸರಿಹೋಗುತ್ತದೆ.

ಭಾನುವಾರದ ತಯಾರಿ

ಎರಡು ಗಂಟೆ ಭಾನುವಾರ ಕೊಟ್ಟರೆ ವಾರದ ಪ್ರತಿ ಸಂಜೆ ಅರ್ಧ ಗಂಟೆ ಹಿಂದೆ ಬರುತ್ತದೆ. ಇಬ್ಬರೂ ದುಡಿಯುವ, ನಾಲ್ಕೈದು ಜನರ ಮನೆಗೆ ಇದಕ್ಕಿಂತ ನೆಮ್ಮದಿಯ ಕ್ರಮ ಕಾಣುವುದಿಲ್ಲ. ಆದರೆ ಬಹಳ ಜನ ಇದನ್ನು ಶುರು ಮಾಡಿ ಮೂರನೇ ವಾರಕ್ಕೆ ಬಿಡುತ್ತಾರೆ, ಏಕೆಂದರೆ ಪೂರ್ತಿ ಅಡುಗೆಯನ್ನೇ ಮಾಡಿ ಡಬ್ಬಿಗಳಲ್ಲಿ ತುಂಬಿಡುತ್ತಾರೆ. ಬುಧವಾರಕ್ಕೆ ಅದೇ ಸಾಗು ಯಾರಿಗೂ ಬೇಡ. ಇಡಬೇಕಾದದ್ದು ಅಡುಗೆಯನ್ನಲ್ಲ, ಅದರ ಅರ್ಧವನ್ನು.

ಯಾವ ಅರ್ಧ ಎಂಬುದರಲ್ಲಿ ಆಯ್ಕೆ ಬೇಕು. ಇಡಲು ಯೋಗ್ಯವಾದವುಗಳಲ್ಲಿ ಮೊದಲನೆಯದು ದೋಸೆಹಿಟ್ಟು. ಮೂರು ಲೋಟ ದೋಸೆ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ಅರ್ಧ ಲೋಟ ಅವಲಕ್ಕಿ ಹಾಕಿದರೆ ನಾಲ್ಕು ಜನಕ್ಕೆ ಎರಡು ಮೂರು ರಾತ್ರಿ. ಶನಿವಾರ ರಾತ್ರಿ ರುಬ್ಬಿದರೆ ಬೇಸಿಗೆಯಲ್ಲಿ ಏಳೆಂಟು ಗಂಟೆಗೆ ಹುದುಗುತ್ತದೆ, ಬೆಂಗಳೂರಿನ ಡಿಸೆಂಬರಿನಲ್ಲಿ ಹನ್ನೆರಡು ದಾಟುತ್ತದೆ. ಮೊದಲ ದಿನ ಇಡ್ಲಿ, ಮರುದಿನದಿಂದ ದೋಸೆ, ಹುಳಿ ಏರಿದ ನಾಲ್ಕನೇ ದಿನ ಈರುಳ್ಳಿ, ಹಸಿಮೆಣಸು ಹಾಕಿ ಪಡ್ಡು. ಈ ಕ್ರಮ ನಮ್ಮ ಮನೆಗಳಲ್ಲಿ ಮೊದಲಿನಿಂದ ಇರುವುದೇ. ಫ್ರಿಜ್ಜಿನಿಂದ ತೆಗೆದ ಹಿಟ್ಟನ್ನು ಅರ್ಧ ಗಂಟೆ ಹೊರಗಿಡಿ, ತಣ್ಣಗಿದ್ದರೆ ಕಾವಲಿಯ ಮೇಲೆ ಹರಡುವುದಿಲ್ಲ. ಹಿಟ್ಟು ಸೌಟಿಗೇ ಅಂಟಿ ಎದ್ದು ಬಂದರೆ ಕಾವಲಿ ಅತಿಯಾಗಿ ಕಾದಿದೆ ಎಂದರ್ಥ, ನೀರು ಚಿಮುಕಿಸಿ ಒರೆಸಿ.

ಬೇಯಿಸಿದ ಬೇಳೆ, ಉಪ್ಪು ಹಾಕದೆ ಗಟ್ಟಿಯಾಗಿ, ಫ್ರಿಜ್ಜಿನಲ್ಲಿ ಎರಡು ಮೂರು ದಿನ. ಇದೊಂದಿದ್ದರೆ ಸಾರು ಹನ್ನೆರಡು ನಿಮಿಷದ ಕೆಲಸ. ಬೇಯಿಸಿದ ಕಡಲೆ, ಅಲಸಂದೆ, ಅವರೆಕಾಳುಗಳನ್ನು ಒಂದು ಊಟಕ್ಕೆ ಆಗುವಷ್ಟು ಅಳತೆಯಲ್ಲಿ ಫ್ರೀಜರಿಗೆ ಹಾಕಿ. ದೊಡ್ಡ ಡಬ್ಬಿಯಲ್ಲಿ ಒಟ್ಟಿಗೆ ಇಟ್ಟರೆ ಹೆಪ್ಪುಗಟ್ಟಿದ ಗಡ್ಡೆಯನ್ನು ಒಡೆಯಲು ಹೋಗಿ ಪೂರ್ತಿ ಕರಗಿಸಬೇಕಾಗುತ್ತದೆ. ತೆಂಗಿನತುರಿಗೂ ಫ್ರೀಜರೇ ಸರಿ, ಕೆಳಗೆ ಇಟ್ಟರೆ ಮೂರ್ನಾಲ್ಕು ದಿನಕ್ಕೆ ಜಿಡ್ಡುವಾಸನೆ ಬರುತ್ತದೆ. ಆರು ಈರುಳ್ಳಿ, ಆರು ಟೊಮೆಟೊ, ಶುಂಠಿ ಬೆಳ್ಳುಳ್ಳಿಯನ್ನು ಎಣ್ಣೆ ಬಿಡುವ ತನಕ ಬಾಡಿಸಿದ ಮಸಾಲೆ ನಾಲ್ಕೈದು ದಿನ ಬರುತ್ತದೆ. ಸೊಪ್ಪನ್ನು ತೊಳೆಯದೆ ಬಿಡಿಸಿ, ಬಟ್ಟೆಯಲ್ಲಿ ಸುತ್ತಿಡಿ. ತೊಳೆದಿಟ್ಟರೆ ಎರಡೇ ದಿನಕ್ಕೆ ಕೊಳೆಯುತ್ತದೆ.

ಇಡಬಾರದವು: ಕಾಯಿ ರುಬ್ಬಿ ಹಾಕಿದ ಹುಳಿ, ಹೆಚ್ಚಿದ ಬದನೆ, ಹೆಚ್ಚಿದ ಆಲೂಗೆಡ್ಡೆ. ಚಪಾತಿ ಹಿಟ್ಟು ಎರಡು ದಿನದ ಮೇಲೆ ಬೂದುಬಣ್ಣಕ್ಕೆ ತಿರುಗಿ ಎಳೆ ಬಿಟ್ಟುಕೊಳ್ಳುತ್ತದೆ, ಅದಕ್ಕಿಂತ ಹೆಚ್ಚು ಕಲಸಿಡಬೇಡಿ.

ಫ್ರಿಜ್ಜಿಲ್ಲದ, ಅಥವಾ ಕರೆಂಟು ನಾಲ್ಕೈದು ಗಂಟೆ ಹೋಗುವ ಊರುಗಳಲ್ಲಿ ಈ ಪಟ್ಟಿಯ ಬಹುಪಾಲು ನಡೆಯುವುದಿಲ್ಲ. ಅಲ್ಲಿಗೆ ಉತ್ತರ ಕರ್ನಾಟಕದ ಕ್ರಮವೇ ಸರಿ. ಖಡಕ್ ಜೋಳದ ರೊಟ್ಟಿಯನ್ನು ತೇವವಿಲ್ಲದಂತೆ ಒಣಗಿಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸೆ ಪುಡಿಗಳೂ ಹಾಗೆಯೇ. ಸಂಜೆ ಮಾಡಬೇಕಾದದ್ದು ಒಂದು ಝುಣಕ ಮಾತ್ರ: ಎರಡು ಈರುಳ್ಳಿ, ಹಸಿಮೆಣಸು, ಬೆಳ್ಳುಳ್ಳಿಯ ಒಗ್ಗರಣೆಗೆ ಎರಡು ಲೋಟ ನೀರು ಹಾಕಿ ಕುದಿಸಿ, ಒಂದು ಲೋಟ ಕಡಲೆಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ಕಲಕಿ, ಮುಚ್ಚಿ ಐದಾರು ನಿಮಿಷ ಹಬೆಯಲ್ಲಿ ಬೇಯಿಸಿ. ಕಡಲೆಹಿಟ್ಟಿನ ಹಸಿವಾಸನೆ ಉಳಿದರೆ ಇನ್ನೂ ಮೂರು ನಿಮಿಷ ಬೇಕು. ಜೊತೆಗೆ ಮೊಸರು, ಹಸಿ ಈರುಳ್ಳಿ, ಮೆಂತ್ಯಸೊಪ್ಪು. ಖಡಕ್ ರೊಟ್ಟಿ ಈಗ ದಕ್ಷಿಣದ ಊರುಗಳ ಅಂಗಡಿಗಳಲ್ಲೂ ಸಿಗುತ್ತದೆ, ಫ್ರಿಜ್ಜಿದ್ದವರೂ ಒಂದು ಕಟ್ಟು ತಂದಿಟ್ಟುಕೊಳ್ಳುವುದು ಜಾಣತನ.

ಬೆಳಗ್ಗೆಯೇ ಎರಡು ಹೊತ್ತಿಗೆ ಮಾಡುವುದು

ಡಬ್ಬಿ ಕಟ್ಟುವ ಮನೆಗಳಲ್ಲಿ ಬೆಳಗ್ಗೆ ಹೇಗೂ ಅಡುಗೆಯಾಗುತ್ತದೆ. ಸಾರಿಗೆ ಇನ್ನೆರಡು ಲೋಟ ನೀರು, ಪಲ್ಯಕ್ಕೆ ಇನ್ನೊಂದು ಹಿಡಿ ತರಕಾರಿ ಹಾಕಿದರೆ ರಾತ್ರಿಯದೂ ಆಯಿತು. ಗ್ಯಾಸು ಉಳಿಯುತ್ತದೆ, ಸಂಜೆ ಹಗುರ. ಇಲ್ಲಿ ಎಚ್ಚರ ಬೇಕಾದದ್ದು ಅನ್ನದ ವಿಷಯದಲ್ಲಿ, ಮತ್ತು ಇದನ್ನು ಒತ್ತಿ ಹೇಳಬೇಕು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ, ಅವು ಬೇಯಿಸಿದರೂ ಉಳಿಯುತ್ತವೆ. ಬೆಚ್ಚಗಿನ ಅನ್ನ ಇಡೀ ದಿನ ಹೊರಗಿದ್ದರೆ ಅವು ಮೊಳೆತು ವಿಷವಸ್ತು ಬಿಡುತ್ತವೆ, ಅದು ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೆಳಗಿನ ಅನ್ನ ರಾತ್ರಿಗೆ ಬೇಕಿದ್ದರೆ ಅಗಲ ತಟ್ಟೆಯಲ್ಲಿ ಹರಡಿ, ಗಂಟೆಯೊಳಗೆ ಆರಿಸಿ ಫ್ರಿಜ್ಜಿಗೆ ಇಡಿ. ಅದಕ್ಕೆ ವ್ಯವಧಾನವಿಲ್ಲದಿದ್ದರೆ ಸಾರು ಮಾತ್ರ ಬೆಳಗ್ಗೆ ಮಾಡಿ, ಅನ್ನ ಸಂಜೆ ಇಡಿ. ಅದು ಕುಕ್ಕರಿನ ಐದು ನಿಮಿಷದ ಕೆಲಸ.

ಯಾವ ಪದಾರ್ಥ ಸಂಜೆಯವರೆಗೆ ನಿಲ್ಲುತ್ತದೆ ಎಂಬುದಕ್ಕೆ ತೆಂಗಿನಕಾಯಿಯೇ ಅಳತೆ. ತೊವ್ವೆ, ಟೊಮೆಟೊ ಸಾರು, ಮೆಂತ್ಯದ ಗೊಜ್ಜು ಬಾಳುತ್ತವೆ. ಕಾಯಿ ರುಬ್ಬಿದ ಹುಳಿ, ಕೂಟು, ಮಜ್ಜಿಗೆಹುಳಿ ಬೇಸಿಗೆಯಲ್ಲಿ, ಅದರಲ್ಲೂ ಕರಾವಳಿಯ ಸೆಕೆಯಲ್ಲಿ, ಮಧ್ಯಾಹ್ನಕ್ಕೇ ಹಳಸಬಹುದು. ಇವನ್ನು ಮಾಡಲೇಬೇಕಿದ್ದರೆ ಆರಿದ ಕೂಡಲೇ ಫ್ರಿಜ್ಜು. ರಾತ್ರಿ ಬಿಸಿ ಮಾಡುವಾಗ ಎಲ್ಲವೂ ಒಮ್ಮೆ ಕೊತಕೊತ ಕುದಿಯಬೇಕು. ಮಜ್ಜಿಗೆಹುಳಿ ಹಾಗೆ ಕುದಿಸಿದರೆ ಒಡೆಯುತ್ತದೆ, ಹಾಗಾಗಿ ಅದು ಈ ಕ್ರಮಕ್ಕೆ ಒಗ್ಗುವುದೇ ಇಲ್ಲ. ಪುಳಿಯೋಗರೆ ಗೊಜ್ಜು ಮಾತ್ರ ಹುಣಸೆ, ಉಪ್ಪು, ಎಣ್ಣೆಯ ಬಲದಿಂದ ಫ್ರಿಜ್ಜಿನಲ್ಲಿ ವಾರಗಟ್ಟಲೆ ಇರುತ್ತದೆ, ಒಂದು ಬಾಟಲಿ ಸದಾ ಇರಲಿ.

ಒಲೆ ಹಚ್ಚದ, ಅಥವಾ ಹಚ್ಚಿಯೂ ಹಚ್ಚದಂತಿರುವ ಊಟ

ತೀರ ದಣಿದ ದಿನಕ್ಕೆ ಹೊರಗಿನಿಂದ ತರಿಸುವುದೊಂದೇ ದಾರಿಯಲ್ಲ. ಗೊಜ್ಜವಲಕ್ಕಿಗೆ ತರಿಯಾಗಿ ಪುಡಿಮಾಡಿದ ಗಟ್ಟಿ ಅವಲಕ್ಕಿಯನ್ನು ಹುಣಸೆ, ಬೆಲ್ಲ, ಸಾರಿನಪುಡಿ ಕದಡಿದ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ ಒಂದು ಒಗ್ಗರಣೆ ಕೊಟ್ಟರೆ ಸಾಕು. ನೀರು ಅವಲಕ್ಕಿ ಮುಳುಗುವಷ್ಟೇ ಇರಲಿ, ಹೆಚ್ಚಾದರೆ ಮುದ್ದೆ ಕಟ್ಟುತ್ತದೆ. ಮಲೆನಾಡಿನ ತಂಬುಳಿಗೆ ಹತ್ತು ಹದಿನೈದು ದೊಡ್ಡಪತ್ರೆ ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಎರಡು ಚಮಚ ಕಾಯಿಯೊಡನೆ ರುಬ್ಬಿ ಮಜ್ಜಿಗೆಗೆ ಬೆರೆಸಿದರಾಯಿತು. ಒಂದೆಲಗವಾದರೆ ಬಾಡಿಸುವುದೂ ಬೇಡ. ಮನೆಯ ಕುಂಡದಲ್ಲಿ ಈ ಎರಡು ಗಿಡಗಳಿದ್ದರೆ ವಾರಕ್ಕೊಂದು ರಾತ್ರಿ ಸಲೀಸು. ಆದರೆ ಇದರಲ್ಲಿ ಬೇಳೆಯಿಲ್ಲ, ಬೆಳೆಯುವ ಮಕ್ಕಳಿಗೆ ಪಕ್ಕದಲ್ಲಿ ಉಸಲಿಯನ್ನೋ, ತಿನ್ನುವವರಾದರೆ ಮೊಟ್ಟೆಯನ್ನೋ ಇಡಬೇಕು.

ರೆಡಿ ಮಿಕ್ಸ್, ಪ್ಯಾಕೆಟ್ ಸಾರು, ಬಿಸಿ ಮಾಡಿ ತಿನ್ನುವ ಪೊಟ್ಟಣಗಳು ಊಟವೊಂದಕ್ಕೆ ಮನೆಯ ಅಡುಗೆಗಿಂತ ಹೆಚ್ಚು ಬೀಳುತ್ತವೆ, ಉಪ್ಪೂ ಜಾಸ್ತಿ. ತಿಂಗಳಿಗೊಂದೆರಡು ಬಾರಿಗೆ ಕಪಾಟಿನಲ್ಲಿರಲಿ. ಸಾರಿನಪುಡಿ, ಬಿಸಿಬೇಳೆ ಪುಡಿಗಳನ್ನು ಕೊಳ್ಳುವುದರಲ್ಲಿ ಮಾತ್ರ ಯಾವ ಸಂಕೋಚವೂ ಬೇಡ.

ಹಾಗಾದರೆ ಯಾವುದು?

ಒಬ್ಬರೇ ಅಥವಾ ಇಬ್ಬರೇ ಇದ್ದರೆ ಭಾನುವಾರದ ದೊಡ್ಡ ತಯಾರಿ ಬೇಡ, ಇಟ್ಟದ್ದು ಹಾಳಾಗುತ್ತದೆ. ಮೂರು ದಿನ ಒಂದೇ ಕುಕ್ಕರ್, ಒಂದೆರಡು ದಿನ ಅವಲಕ್ಕಿ ಅಥವಾ ಖಡಕ್ ರೊಟ್ಟಿ, ಬಿಡುವಿದ್ದ ದಿನ ಹೊಸ ಸಾರು. ಎರಡು ಲೀಟರಿನ ಕುಕ್ಕರ್ ಕೊಳ್ಳಿ, ಐದು ಲೀಟರಿನದರಲ್ಲಿ ಅರ್ಧ ಲೋಟ ಅಕ್ಕಿ ನೆಟ್ಟಗೆ ಬೇಯುವುದಿಲ್ಲ. ನಾಲ್ಕೈದು ಜನ, ಇಬ್ಬರ ದುಡಿಮೆ, ಫ್ರಿಜ್ಜಿಗೆ ತೊಂದರೆಯಿಲ್ಲ ಎನ್ನುವಲ್ಲಿ ದೋಸೆಹಿಟ್ಟು, ಬೆಂದ ಬೇಳೆ, ಫ್ರೀಜರಿನ ಕಾಯಿತುರಿ ಈ ಮೂರರಿಂದ ಶುರು ಮಾಡಿ. ಒಂದು ತಿಂಗಳು ಇವಿಷ್ಟೇ ನಡೆಯಲಿ, ಆಮೇಲೆ ಮಸಾಲೆ, ಕಾಳು ಸೇರಿಸಿಕೊಳ್ಳಿ. ಬೇರೆ ಬೇರೆ ಹೊತ್ತಿಗೆ ಊಟ ಮಾಡುವ ಮನೆಗೆ ಹಿಟ್ಟು ಮತ್ತು ಸಾರು ಒಗ್ಗುತ್ತವೆ, ಅಕ್ಕಿ ರೊಟ್ಟಿ ಮತ್ತು ಬಾತು ಒಗ್ಗುವುದಿಲ್ಲ. ಹಿರಿಯರು ಹಗಲು ಮನೆಯಲ್ಲಿದ್ದರೆ ಅಡುಗೆಯನ್ನೆಲ್ಲ ಅವರ ಮೇಲೆ ಹಾಕದೆ, ಸಂಜೆ ಆರಕ್ಕೆ ಬೇಳೆ ನೆನೆಹಾಕುವುದೊಂದನ್ನು ಕೇಳಿಕೊಂಡರೂ ಇಪ್ಪತ್ತು ನಿಮಿಷ ಉಳಿಯುತ್ತದೆ.

ಹೊರದೇಶದಲ್ಲಿರುವವರ ಲೆಕ್ಕ ಸ್ವಲ್ಪ ಬೇರೆ. ಸೀಟಿಯ ಸದ್ದಿಲ್ಲದ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರಿನಲ್ಲಿ ನೆನೆಸದ ತೊಗರಿಬೇಳೆಗೆ ಹೆಚ್ಚಿನ ಒತ್ತಡದಲ್ಲಿ ಹತ್ತು ನಿಮಿಷ ಇಟ್ಟು, ಇನ್ನು ಹತ್ತು ನಿಮಿಷ ಒತ್ತಡ ತಾನಾಗಿ ಇಳಿಯಲು ಬಿಡಿ. ಚಳಿನಾಡಿನಲ್ಲಿ ದೋಸೆಹಿಟ್ಟು ಹುದುಗದಿದ್ದರೆ ದೀಪ ಮಾತ್ರ ಹಚ್ಚಿದ ಓವನ್ನಿನೊಳಗೆ ರಾತ್ರಿಯಿಡೀ ಇಡಿ. ಹಿಟ್ಟು ಉಕ್ಕುವುದರಿಂದ ಪಾತ್ರೆ ಅರ್ಧದಷ್ಟೇ ತುಂಬಿರಲಿ, ಅಡಿಯಲ್ಲೊಂದು ತಟ್ಟೆಯಿರಲಿ.